ಓದುಗರ ಪ್ರಶ್ನೆ, ನಮ್ಮ ಉತ್ತರ: ಪರದೆಯ ಸಿಂಹ ಯಾವ ಭಾಷೆ ಆಡುತ್ತದೆ?

ರಜೆ ಮುಗಿದು ಶಾಲೆಗಳು ಮತ್ತೆ ತೆರೆದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳ ಪೈಕಿ ಆರು, ಬರೆದವರು ಒಬ್ಬರಿಗೊಬ್ಬರು ಪರಿಚಿತರಲ್ಲದಿದ್ದರೂ, ಒಂದೇ ಸಂಗತಿಯನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿವೆ. ಪ್ರಾಣಿಗಳು ಮಾತನಾಡುವ ಆನಿಮೇಷನ್ ಚಿತ್ರವನ್ನು ಚಿತ್ರಮಂದಿರಕ್ಕೆ ಹೋಗಿ ನೋಡಿದ ಅನುಭವ ಅದು. ಹಾಗಾಗಿ ಈ ಸಂಚಿಕೆಯಲ್ಲಿ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಈ ಆರಕ್ಕೇ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ ಎಂಟು ತಿಂಗಳು. ರಜೆಯಲ್ಲಿ ಅವಳನ್ನು ಮಾಲ್‌ನಲ್ಲಿರುವ ಚಿತ್ರಮಂದಿರಕ್ಕೆ, ಕಾಡಿನ ಪ್ರಾಣಿಗಳು ಮಾತನಾಡುವ ಚಿತ್ರವೊಂದಕ್ಕೆ ಕರೆದೊಯ್ದೆವು. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನನ್ನ ಮಡಿಲಿಗೆ ತಲೆ ಹುದುಗಿಸಿ ಅಳತೊಡಗಿದಳು. ಇಂಟರ್ವಲ್‌ಗೂ ಮೊದಲೇ ಹೊರಬಂದೆವು. "ಅತಿ ಮುದ್ದು ಮಾಡಿ ಪುಕ್ಕಲು ಮಾಡಿದ್ದೀಯ" ಎಂದು ಮನೆಯವರು ನನ್ನನ್ನೇ ದೂರುತ್ತಾರೆ. ಅಂಥವೇ ಚಿತ್ರಗಳನ್ನು ಟಿ.ವಿ.ಯಲ್ಲಿ ನಗುನಗುತ್ತಾ ನೋಡುವ ಮಗು ಅಲ್ಲೇಕೆ ಹೆದರಿತು?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಮಗಳು ಪುಕ್ಕಲಿಯಲ್ಲ; ನೀವು ಮುದ್ದು ಮಾಡಿ ಕೆಡಿಸಿಯೂ ಇಲ್ಲ. ಉತ್ತರದ ಸುಳಿವು ನಿಮ್ಮ ಪತ್ರದಲ್ಲೇ ಇದೆ. ಮಗು ಕಿವಿ ಮುಚ್ಚಿಕೊಂಡಳು ಎಂದು ಬರೆದಿದ್ದೀರೇ ಹೊರತು ಕಣ್ಣು ಮುಚ್ಚಿಕೊಂಡಳು ಎಂದಲ್ಲ. ಅವಳನ್ನು ಹೆದರಿಸಿದ್ದು ಸಿಂಹದ ಮುಖಕ್ಕಿಂತ ಹೆಚ್ಚಾಗಿ ಸಿಂಹದ ಸದ್ದು ಎಂಬುದು ನನ್ನ ಅಂದಾಜು.

ಮನೆಯ ಟಿ.ವಿ.ಯಲ್ಲಿ ಸದ್ದು ಒಂದೇ ಮೂಲೆಯಿಂದ ಬರುತ್ತದೆ. ಪಕ್ಕದಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಅಜ್ಜಿ ಫೋನಿನಲ್ಲಿ ಮಾತನಾಡುತ್ತಿರುತ್ತಾರೆ, ಬೇಡವೆನಿಸಿದರೆ ರಿಮೋಟ್ ಒತ್ತಿದರಾಯಿತು. ಚಿತ್ರಮಂದಿರದಲ್ಲಾದರೋ ಮುಂದೆ, ಎರಡು ಗೋಡೆಗಳಲ್ಲಿ, ಬೆನ್ನ ಹಿಂದೆ ಸ್ಪೀಕರುಗಳಿರುತ್ತವೆ. ಗರ್ಜನೆ, ಗುಡುಗು, ಓಡುವ ಹಿಂಡಿನ ಗೊರಸಿನ ಸಪ್ಪಳ ಇವೆಲ್ಲ ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಎದೆಗೂಡಿಗೆ ಬಡಿಯುತ್ತವೆ. ಬೆನ್ನ ಹಿಂದಿನಿಂದ ಬಂದ ಸದ್ದಿಗೆ ತಿರುಗಿ ನೋಡಿದ ಮಗುವಿಗೆ ಕಾಣುವುದು ಬರೀ ಕತ್ತಲು. ಬೆಳಕಿನಿಂದ ಒಳಹೊಕ್ಕ ನಮ್ಮ ಕಣ್ಣು ಕತ್ತಲಿಗೆ ಪೂರ್ತಿಯಾಗಿ ಒಗ್ಗಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅಷ್ಟರೊಳಗೆ ಕಥೆಯ ಮೊದಲ ಆಪತ್ತು ಬಂದು ಹೋಗಿರುತ್ತದೆ.

ಸದ್ದಿನ ಶಕ್ತಿಯನ್ನು ಈ ಚಿತ್ರಗಳನ್ನು ಮಾಡುವವರು ಬಹಳ ಹಿಂದೆಯೇ ಬಲ್ಲರು. 1942ರಲ್ಲಿ ಬಂದ 'ಬ್ಯಾಂಬಿ' ಚಿತ್ರದಲ್ಲಿ ತಾಯಿ ಜಿಂಕೆಗೆ ಗುಂಡು ತಗಲುವುದನ್ನು ಪರದೆಯ ಮೇಲೆ ತೋರಿಸುವುದೇ ಇಲ್ಲ, ಗುಂಡಿನ ಸದ್ದನ್ನು ಮಾತ್ರ ಕೇಳಿಸುತ್ತಾರೆ. ತೋರಿಸದೆ ಕೇಳಿಸಿದ ಆ ಒಂದು ಕ್ಷಣದಿಂದ ಎಷ್ಟು ತಲೆಮಾರಿನ ಮಕ್ಕಳು ಅತ್ತಿದ್ದಾರೆಯೋ!

ಇದರ ಜೊತೆಗೆ ನಮ್ಮ ಮನೆಗಳದೇ ಒಂದು ಉದಾಹರಣೆಯನ್ನು ಇಟ್ಟು ನೋಡಿ. ಪುಣ್ಯಕೋಟಿಯ ಹಾಡನ್ನು ನಾವು ಮೂರು ವರ್ಷದ ಮಕ್ಕಳಿಗೂ ಹಾಡುತ್ತೇವೆ. ತಾಯಿ ಹಸು ಕರುವನ್ನು ಬಿಟ್ಟು ಸಾಯಲು ಹೊರಡುತ್ತದೆ, ಕೊನೆಯಲ್ಲಿ ಹುಲಿಯೇ ಪ್ರಾಣ ಬಿಡುತ್ತದೆ. ಸಂಗತಿಯನ್ನಷ್ಟೇ ತೆಗೆದುಕೊಂಡರೆ ಇದಕ್ಕಿಂತ ಭೀಕರವಾದ ಕಥೆ ಯಾವ ಚಿತ್ರದಲ್ಲಿದೆ? ಆದರೂ ಮಕ್ಕಳು ಕಣ್ಣಂಚಿನಲ್ಲಿ ನೀರು ತುಂಬಿಕೊಂಡು "ಇನ್ನೊಂದ್ಸಲ ಹೇಳಮ್ಮ" ಎನ್ನುತ್ತವೆಯೇ ಹೊರತು ಎದ್ದು ಓಡುವುದಿಲ್ಲ. ಹುಲಿಯೂ ಅಮ್ಮನ ದನಿಯಲ್ಲೇ ಮಾತನಾಡುತ್ತದೆ ಎಂಬುದೇ ಅದಕ್ಕೆ ಕಾರಣ. ಈ ಮಾತನ್ನು ಮುಂದಿನ ಉತ್ತರಗಳಲ್ಲೂ ನೆನೆಯುತ್ತೇನೆ.

ಇನ್ನು ಮುಂದೇನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಟಿಕೆಟ್ ಕೊಳ್ಳುವ ಮೊದಲು ಚಿತ್ರಕ್ಕೆ ಸಿಕ್ಕಿರುವ ಪ್ರಮಾಣಪತ್ರವನ್ನು ನೋಡಿ. 2024ರಿಂದ ಯುಎ ಎಂಬ ಒಂದೇ ಗುಂಪಿನ ಬದಲು ಯುಎ 7+, ಯುಎ 13+, ಯುಎ 16+ ಎಂಬ ಮೂರು ಮೆಟ್ಟಿಲುಗಳು ಬಂದಿವೆ. ಯುಎ 7+ ಎಂದಿದ್ದರೆ ಏಳು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ತಂದೆತಾಯಿಗಳು ಯೋಚಿಸಿ ನಿರ್ಧರಿಸಬೇಕು ಎಂದರ್ಥ. ಗೊಂಬೆಯಂಥ ಮೊಲದ ಚಿತ್ರವಿರುವ ಪೋಸ್ಟರ್ ನೋಡಿ ಇದು ಎಲ್ಲ ಮಕ್ಕಳದೂ ಎಂದುಕೊಳ್ಳಬೇಡಿ.

ಕಥೆಯನ್ನು ಮನೆಯಲ್ಲೇ ಮೊದಲು ಹೇಳಿಬಿಡಿ. ಕುತೂಹಲ ಹಾಳಾಗುತ್ತದೆ ಎಂಬುದು ದೊಡ್ಡವರ ಚಿಂತೆ. ಈ ವಯಸ್ಸಿನ ಮಕ್ಕಳಿಗೆ ಮುಂದೇನಾಗುತ್ತದೆ ಎಂದು ಗೊತ್ತಿರುವುದೇ ಒಂದು ಸುಖ. ದೀಪ ಆರುವ ಮೊದಲೇ ಒಳಗೆ ಹೋಗಿ ಕುಳಿತು, ಸ್ಪೀಕರು ಎಲ್ಲೆಲ್ಲಿದೆ ಎಂದು ಬೆರಳು ತೋರಿಸಿ ಹೇಳಿ. ಸೀಟು ಸಾಲಿನ ಕೊನೆಯಲ್ಲಿ, ಗೋಡೆಯಿಂದ ದೂರ, ನಡುವಿನ ದಾರಿಯ ಪಕ್ಕದಲ್ಲಿರಲಿ. ಹೆದರಿದಾಗ "ಅದು ಸುಳ್ಳು ಕಣೇ, ಬರೀ ಚಿತ್ರ" ಎಂಬ ವಿವರಣೆ ಐದು ವರ್ಷದೊಳಗಿನ ಮಗುವಿಗೆ ಅಷ್ಟಾಗಿ ತಟ್ಟುವುದಿಲ್ಲ. ಮಡಿಲು, ಹಿಡಿದ ಕೈ, ಬಾಯಿಗೊಂದು ಪಾಪ್‌ಕಾರ್ನ್ ಕಾಳು ಇವು ತಟ್ಟುತ್ತವೆ. ಸದ್ದು ನಿಮಗೇ ಹೆಚ್ಚೆನಿಸಿದರೆ ಸಿಬ್ಬಂದಿಗೆ ಹೇಳಲು ಸಂಕೋಚ ಬೇಡ. ಇಷ್ಟೆಲ್ಲ ಮಾಡಿಯೂ ಅತ್ತರೆ ಎದ್ದು ಬನ್ನಿ. "ಟಿಕೆಟ್ ದುಡ್ಡು ದಂಡವಾಯಿತು" ಎಂಬ ಮಾತನ್ನು ಮಾತ್ರ ಆಟೋದಲ್ಲಿ ಅವಳ ಎದುರಿಗೆ ಆಡಬೇಡಿ. ಮುಂದಿನ ಸಲ ಹೆದರಿದರೂ ಹೇಳಲಾರದೆ ಕುಳಿತಿರುತ್ತಾಳೆ.

ಪ್ರಶ್ನೆ: ಐದೂವರೆ ವರ್ಷದ ನನ್ನ ಮಗನಿಗೆ 3ಡಿ ಕನ್ನಡಕ ಮೂಗಿನ ಮೇಲೆ ನಿಲ್ಲುವುದೇ ಇಲ್ಲ. ತೆಗೆದರೆ ಚಿತ್ರ ಎರಡೆರಡಾಗಿ ಕಾಣುತ್ತದೆಂದು ಗೊಣಗುತ್ತಾನೆ, ಹಾಕಿದರೆ ತಲೆನೋವು ಎನ್ನುತ್ತಾನೆ. ಏನು ಮಾಡಲಿ?
– ಖಾಸಗಿ ಉದ್ಯೋಗಿ, ವಿಜಯನಗರ, ಮೈಸೂರು

ಉತ್ತರ: 2ಡಿ ಆಟಕ್ಕೆ ಹೋಗಿ. 3ಡಿಯಲ್ಲಿ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರವನ್ನು ಒಟ್ಟಿಗೆ ಬಿಟ್ಟು, ಕನ್ನಡಕದಿಂದ ಅವನ್ನು ಬೇರ್ಪಡಿಸುತ್ತಾರೆ. ಆ ಕನ್ನಡಕ ಜಾರಿದರೆ ಎರಡೂ ಕಲೆಸಿಹೋಗುತ್ತವೆ, ಸರಿಯಾಗಿ ಹಾಕಿಕೊಂಡರೂ ಬಣ್ಣಗಳು ಒಂದಿಷ್ಟು ಮಂಕಾಗುತ್ತವೆ. ಕಥೆಗೆ ಅದರಿಂದ ಕೂಡಿದ್ದೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅಳತೆಗೆ ಸರಿಯಾದ ಮಕ್ಕಳ ಕನ್ನಡಕ ಹಾಕಿದ ಮೇಲೂ ಪ್ರತಿಸಲ ತಲೆನೋವು ಬಂದರೆ, ಅಥವಾ ಬೇರೆಯವರು ಕೈಚಾಚಿ ಹಿಡಿಯಲು ಹೋಗುವ ಚಿಟ್ಟೆ ಅವನಿಗೆ ಪರದೆಯ ಮೇಲೆಯೇ ಕಾಣುತ್ತಿದ್ದರೆ, ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ. ಎರಡು ಕಣ್ಣುಗಳ ಹೊಂದಾಣಿಕೆಯ ತೊಂದರೆ ಹೀಗೆ ಬಯಲಾಗುವುದುಂಟು, ಮತ್ತು ಅದಕ್ಕೆ ಚಿಕ್ಕ ವಯಸ್ಸಿನ ಚಿಕಿತ್ಸೆಯೇ ಹೆಚ್ಚು ಫಲಕಾರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೊಮ್ಮಗ ಕನ್ನಡ ಮಾಧ್ಯಮದಲ್ಲಿ ಎರಡನೆಯ ತರಗತಿ. ಹಟ ಹಿಡಿದನೆಂದು ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಕರೆದುಕೊಂಡು ಹೋಗಿ ಪ್ರಾಣಿಗಳ ಇಂಗ್ಲಿಷ್ ಚಿತ್ರ ತೋರಿಸಿದೆ. "ತಾತ, ನರಿ ಏನಂತು? ಅದ್ಯಾಕೆ ಎಲ್ರೂ ನಕ್ರು?" ಎಂದು ಕೇಳುತ್ತಲೇ ಇದ್ದ, ನಾನು ಪಿಸುಮಾತಿನಲ್ಲಿ ಹೇಳುತ್ತಲೇ ಇದ್ದೆ. ಮುಂದಿನ ಸಾಲಿನವರು ಎರಡು ಸಲ ತಿರುಗಿ ದುರುಗುಟ್ಟಿ ನೋಡಿದರು. ನಾನು ಮಾಡಿದ್ದು ತಪ್ಪೇ? ತಮಿಳು, ತೆಲುಗಿನ ಮಕ್ಕಳಿಗೆ ಸಿಗುವ ಈ ಚಿತ್ರಗಳು ನಮ್ಮ ಮಕ್ಕಳಿಗೆ ಕನ್ನಡದಲ್ಲೇಕೆ ಸಿಗುವುದಿಲ್ಲ?
– ಮಂಡ್ಯ

ಉತ್ತರ: ಮಾಸ್ತರೇ, ನಿಮ್ಮ ಎರಡನೆಯ ಪ್ರಶ್ನೆಯೇ ದೊಡ್ಡದು, ಅದನ್ನು ಮೊದಲು ಎತ್ತಿಕೊಳ್ಳುತ್ತೇನೆ.

ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ವಿರುದ್ಧ 1960ರ ದಶಕದಲ್ಲಿ ನಮ್ಮಲ್ಲಿ ಚಳವಳಿ ನಡೆದದ್ದು ನಿಮಗೆ ನೆನಪಿದ್ದೀತು. ಆಗ ಅದಕ್ಕೊಂದು ಕಾರಣವಿತ್ತು. ಕನ್ನಡ ಚಿತ್ರರಂಗ ಆಗಷ್ಟೇ ಕಾಲೂರುತ್ತಿತ್ತು, ಪರಭಾಷೆಯ ದೊಡ್ಡ ಬಂಡವಾಳದ ಚಿತ್ರಗಳು ಕನ್ನಡದ ಮಾತು ಹೊದ್ದು ಬಂದರೆ ಇಲ್ಲಿನ ಕಲಾವಿದರೂ ತಂತ್ರಜ್ಞರೂ ಬೀದಿಗೆ ಬೀಳುತ್ತಾರೆಂಬ ಭಯ ಪೊಳ್ಳಾಗಿರಲಿಲ್ಲ. ಆದರೆ ಆ ಕಟ್ಟಳೆ ಕಾನೂನಾಗಿರದಿದ್ದರೂ ಅರ್ಧ ಶತಮಾನ ಉಳಿಯಿತು; ಅದರ ಬಿಸಿ ತಟ್ಟಿದ್ದು ಯಾರಿಗೂ ಪೈಪೋಟಿಯಲ್ಲದ ಮಕ್ಕಳಿಗೆ. ಮಾತನಾಡುವ ಆಮೆಯ ಚಿತ್ರದಿಂದ ನಮ್ಮ ಯಾವ ನಾಯಕನಟರ ಅನ್ನಕ್ಕೂ ಕುತ್ತು ಬರುತ್ತಿರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ಚಿತ್ರಗಳನ್ನು ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧವೆಂದು ಆದೇಶಿಸಿದ ಮೇಲೆ, 2017ರಿಂದ ಡಬ್ ಆದ ಚಿತ್ರಗಳು ಮತ್ತೆ ನಮ್ಮ ಚಿತ್ರಮಂದಿರಗಳಿಗೆ ಬರತೊಡಗಿದವು.

ಬಾಗಿಲು ತೆರೆದರೂ ಪ್ರಾಣಿಗಳು ಮಾತ್ರ ಹೊಸಿಲಾಚೆಯೇ ನಿಂತಿವೆ. 2019ರಲ್ಲಿ 'ದಿ ಲಯನ್ ಕಿಂಗ್' ಮತ್ತೆ ಬಂದಾಗ ಭಾರತದಲ್ಲಿ ಅದು ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ತೆರೆಕಂಡಿತು, ಕನ್ನಡದಲ್ಲಿ ಇರಲಿಲ್ಲ. ಈಗಿರುವ ಅಡ್ಡಿ ಕಟ್ಟಳೆಯದಲ್ಲ, ಲೆಕ್ಕಾಚಾರದ್ದು. ಬೆಂಗಳೂರಿನವರು ಹೇಗೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿಕೊಳ್ಳುತ್ತಾರೆ ಎಂದು ಹಂಚಿಕೆದಾರರು ಎಣಿಸುತ್ತಾರೆ. ಮಂಡ್ಯದ, ಮಳವಳ್ಳಿಯ, ಕೃಷ್ಣರಾಜಪೇಟೆಯ ಎರಡನೆಯ ತರಗತಿಯ ಹುಡುಗ ಅವರ ಎಣಿಕೆಯಲ್ಲಿ ಬರುವುದಿಲ್ಲ. ಕನ್ನಡದಲ್ಲಿ ಕೊಟ್ಟರೆ ನೋಡುವವರಿದ್ದಾರೆ ಎಂಬುದಕ್ಕೆ 2009ರಲ್ಲಿ ಶುರುವಾದ ಚಿಂಟು ಟಿ.ವಿ.ಯೇ ಸಾಕ್ಷಿ, ಕಾರ್ಟೂನುಗಳು ಕನ್ನಡದಲ್ಲಿ ಮಾತನಾಡಿದ ಕೂಡಲೇ ನಮ್ಮ ಊರೂರಿನ ಮಕ್ಕಳು ಅವನ್ನು ತಮ್ಮವೇ ಎಂಬಂತೆ ನೋಡಿದರು. 2025ರಲ್ಲಿ 'ಮಹಾವತಾರ ನರಸಿಂಹ' ಎಂಬ ಆನಿಮೇಷನ್ ಚಿತ್ರ ಕನ್ನಡದಲ್ಲೂ ತೆರೆಕಂಡಿತು. ಅರ್ಧ ಸಿಂಹಕ್ಕೆ ಕನ್ನಡ ಬಂದಿದೆ ಎಂದಾದರೆ ಪೂರ್ತಿ ಸಿಂಹಕ್ಕೆ ಬರಲು ಇನ್ನೆಷ್ಟು ದೂರ!

ನಗೆ ಬಿಟ್ಟು ಹೇಳುವುದಾದರೆ, ಪ್ರಾಣಿಗಳಿಗೆ ಕನ್ನಡ ಕಲಿಸುವುದು ನಮಗೆ ಹೊಸ ಕೆಲಸವಲ್ಲ. ದುರ್ಗಸಿಂಹ ತನ್ನ ಪಂಚತಂತ್ರವನ್ನು ಬರೆದದ್ದು ಸುಮಾರು 1031ರಲ್ಲಿ. ಕರಟಕ, ದಮನಕ ಎಂಬ ನರಿಗಳು ರಾಜಕಾರಣದ ಒಳಸುಳಿಗಳನ್ನು ಚಂಪೂ ಶೈಲಿಯ ಕನ್ನಡದಲ್ಲಿ ಚರ್ಚಿಸಿ ಸಾವಿರ ವರ್ಷವಾಗುತ್ತ ಬಂತು. ಅಂಥ ಭಾಷೆಯ ಮಗುವೊಂದು 'ನರಿ ಏನಂತು?' ಎಂದು ಕತ್ತಲಲ್ಲಿ ತಾತನನ್ನು ಕೇಳಬೇಕಾಗಿ ಬಂದಿರುವುದು ನನಗೂ ಸಂಕಟದ ವಿಷಯವೇ.

ಕನ್ನಡಕ್ಕೆ ಬಂದಾಗಲೂ ಒಂದು ಎಚ್ಚರ ಬೇಕು. ಡಬ್ಬಿಂಗಿನ ಕನ್ನಡ ಬಹಳ ಸಲ ಯಾರ ಮನೆಯಲ್ಲೂ ಆಡದ ಪುಸ್ತಕದ ಕನ್ನಡವಾಗಿರುತ್ತದೆ. ಆಡುಮಾತು ತಂದರೆ ಅಲ್ಲಿ ಇನ್ನೊಂದು ಅನ್ಯಾಯ: ರಾಜ ಸಿಂಹ ಶಿಷ್ಟ ಕನ್ನಡ ಮಾತನಾಡುತ್ತದೆ, ಪೆದ್ದು ಕಾಡುಹಂದಿ ಮಾತ್ರ "ಏನ್ಲಾ, ಎಲ್ಗ್ಲಾ ಹೊಂಟೆ" ಎಂದು ನಮ್ಮ ಮಂಡ್ಯದ ಮಾತನಾಡಿ ನಗೆಗೀಡಾಗುತ್ತದೆ. ಸಿಂಹವೂ ಒಮ್ಮೆ ಮಂಡ್ಯದ ಕನ್ನಡದಲ್ಲಿ ಗರ್ಜಿಸಲಿ ಎಂಬುದು ನನ್ನ ಬಹಳ ದಿನದ ಆಸೆ. ಆ ಮಾತಿಗೆ ಅದಕ್ಕೆ ಬೇಕಾದ ಗತ್ತು ಧಾರಾಳವಾಗಿ ಇದೆ.

ಇನ್ನು ನಿಮ್ಮ ಪಿಸುಮಾತು. ಮಕ್ಕಳ ಚಿತ್ರಕ್ಕೆ ಬಂದು ಮಗುವಿನ ಪ್ರಶ್ನೆಗೆ ದುರುಗುಟ್ಟುವವರ ಬಗ್ಗೆ ನನಗೆ ಹೆಚ್ಚು ಸಹಾನುಭೂತಿಯಿಲ್ಲ. ಆದರೂ ಅವರೂ ದುಡ್ಡು ಕೊಟ್ಟು ಬಂದವರೇ. ಮಾತು ಮಾತಿಗೂ ಅನುವಾದ ಕೇಳಿಸಿಕೊಳ್ಳಬೇಕೆಂದರೆ ಅವರ ತಾಳ್ಮೆಗೂ ಮಿತಿಯಿದೆ. ಹಿಂದಿನ ಸಾಲುಗಳಲ್ಲಿ ಕುಳಿತುಕೊಳ್ಳಿ. ಪ್ರತಿ ಮಾತನ್ನೂ ಅನುವಾದಿಸುವ ಬದಲು ದೃಶ್ಯಕ್ಕೊಂದು ವಾಕ್ಯ ಸಾಕು: "ನರಿ ಸುಳ್ಳು ಹೇಳ್ತಿದೆ, ನೋಡ್ತಿರು." ಉಳಿದದ್ದನ್ನು ರೈಲಿನಲ್ಲಿ ಹೇಳಿ. ಮೈಸೂರಿನಿಂದ ಮಂಡ್ಯಕ್ಕೆ ಬರುವಷ್ಟು ಹೊತ್ತು ಒಂದು ಕಥೆಗೆ ಹೇಳಿ ಮಾಡಿಸಿದಂತಿದೆ, ಮತ್ತು ಆ ಕಥೆಯಲ್ಲಿ ನರಿ ನಿಮ್ಮ ದನಿಯಲ್ಲೇ ಮಾತನಾಡುತ್ತದೆ.

ಪ್ರಶ್ನೆ: ಚಿತ್ರದಲ್ಲಿ ಪ್ರಾಣಿಗಳ ಬಾಯಿ ಮಾತಿಗೆ ಸರಿಯಾಗಿ ಅಲ್ಲಾಡುತ್ತದೆ. ಅದನ್ನು ಹೇಗೆ ಮಾಡುತ್ತಾರೆ? ನಿಜವಾದ ಪ್ರಾಣಿಗಳು ಏಕೆ ಮಾತನಾಡುವುದಿಲ್ಲ?
– ಏಳನೆಯ ತರಗತಿ ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಉತ್ತರ: ಪುಟ್ಟಿ, ಒಂದು ಕನ್ನಡಿ ತೆಗೆದುಕೊಂಡು ಅದರ ಮುಂದೆ ನಿಂತು 'ಅಮ್ಮ' ಎನ್ನು. ತುಟಿಗಳೆರಡೂ ಕೂಡಿಕೊಂಡು ಬಿಡುತ್ತವೆ. ಈಗ 'ಅಕ್ಕ' ಎನ್ನು. ತುಟಿ ಕೂಡುವುದೇ ಇಲ್ಲ. ಕೆಲಸವೆಲ್ಲ ಒಳಗೆ, ನಾಲಿಗೆಯ ಹಿಂಭಾಗದಲ್ಲಿ. 'ಊಟ' ಎಂದಾಗ ತುಟಿ ದುಂಡಗಾಗುತ್ತದೆ, 'ಈಚಲು' ಎಂದಾಗ ಅಗಲವಾಗುತ್ತದೆ. ಚಿತ್ರ ಮಾಡುವವರು ಹೀಗೆ ಬಾಯಿಯ ಕೆಲವೇ ಆಕಾರಗಳನ್ನು ಆರಿಸಿಟ್ಟುಕೊಂಡಿರುತ್ತಾರೆ. ನೋಡುವವರ ಕಣ್ಣು ಮುಖ್ಯವಾಗಿ ಹುಡುಕುವುದು ತುಟಿ ಕೂಡುವ ಪ, ಬ, ಮ ಅಕ್ಷರಗಳನ್ನು. ಅವು ಸರಿಹೋದರೆ ಉಳಿದವು ಅಷ್ಟಿಷ್ಟು ತಪ್ಪಿದರೂ ನಡೆಯುತ್ತದೆ.

ಮಾತನ್ನು ಮೊದಲು ಧ್ವನಿಮುದ್ರಿಸಿ, ಆಮೇಲೆ ಅದಕ್ಕೆ ತಕ್ಕಂತೆ ಮುಖವನ್ನು ಚಲಿಸುವುದು ಈ ಕೆಲಸದ ರೂಢಿ. ಒಂದು ಸೆಕೆಂಡಿಗೆ 24 ಚಿತ್ರಗಳು ಪರದೆಯ ಮೇಲೆ ಹಾದುಹೋಗುತ್ತವೆ. ನೀನೇ ಗುಣಿಸಿ ನೋಡು: 90 ನಿಮಿಷದ ಚಿತ್ರಕ್ಕೆ 1,29,600 ಚಿತ್ರಗಳು. ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಒಂದೇ ಚಿತ್ರವನ್ನು ಎರಡೆರಡು ಸಲ ತೋರಿಸಿ ಸೆಕೆಂಡಿಗೆ ಹನ್ನೆರಡರಲ್ಲಿ ಸುಧಾರಿಸುತ್ತಿದ್ದದ್ದೂ ಉಂಟು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಪ್ರಮಾಣದ ಚಿತ್ರ 1995ರಲ್ಲಿ ಬಂದ 'ಟಾಯ್ ಸ್ಟೋರಿ'.

ಡಬ್ಬಿಂಗಿನಲ್ಲಿ ಇದು ತಿರುಗುಮುರುಗಾಗುತ್ತದೆ. ಬಾಯಿ ಆಗಲೇ ಅಲ್ಲಾಡಿ ಮುಗಿದಿರುತ್ತದೆ, ಮಾತನ್ನು ಅದಕ್ಕೆ ಹೊಂದಿಸಬೇಕು. ಕನ್ನಡದಲ್ಲಿ ಇದೊಂದು ಸರ್ಕಸ್ಸು. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷಿನಿಂದ ಬಂದ ಬಸ್, ಬ್ಯಾಂಕ್‌ಗಳನ್ನೂ ಬಸ್ಸು, ಬ್ಯಾಂಕು ಮಾಡಿಕೊಂಡವರು ನಾವು. ಸಿಂಹ 'ಸ್ಟಾಪ್' ಎಂದು ತುಟಿ ಮುಚ್ಚಿ ನಿಂತಿರುವಾಗ ನಮ್ಮ 'ನಿಲ್ಲಿಸು' ಬಾಯಿ ತೆರೆದುಕೊಂಡೇ ಮುಗಿಯುತ್ತದೆ, ಅದೂ ಮೂರಕ್ಷರ ಉದ್ದವಾಗಿ! ಒಳ್ಳೆಯ ಸಂಭಾಷಣೆಕಾರರು ಮೂಲದ ಅರ್ಥಕ್ಕೆ ಅಂಟಿಕೊಳ್ಳದೆ, ತುಟಿ ಕೂಡುವ ಜಾಗಕ್ಕೆ ಪ-ಬ-ಮ ಇರುವ ಇನ್ನೊಂದು ಕನ್ನಡ ಮಾತನ್ನು ಹುಡುಕಿ ತರುತ್ತಾರೆ. ಮುಂದಿನ ಸಲ ಡಬ್ ಆದ ಚಿತ್ರ ನೋಡುವಾಗ ಸಾಲಿನ ಕೊನೆಯ ಅಕ್ಷರದ ಮೇಲೆ ಕಣ್ಣಿಡು.

ನಿಜವಾದ ಪ್ರಾಣಿಗಳ ವಿಷಯ. ಮಕಾಕ್ ಕೋತಿಯ ಗಂಟಲು, ನಾಲಿಗೆ, ತುಟಿಗಳು ಮಾತಿಗೆ ಬೇಕಾದ ಅನೇಕ ಆಕಾರಗಳನ್ನು ತಾಳಬಲ್ಲವು ಎಂದು ಎಕ್ಸ್‌ರೇ ಚಿತ್ರಗಳಿಂದ ಕಂಡುಕೊಂಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅವುಗಳಿಗೆ ಇಲ್ಲದಿರುವುದು ಆ ಅಂಗಗಳನ್ನು ಮಾತಿಗಾಗಿ ಹಿಡಿತದಲ್ಲಿಡುವ ಮೆದುಳಿನ ಏರ್ಪಾಡು. ಗಿಳಿಗೆ ತುಟಿಯೇ ಇಲ್ಲ. ಆದರೂ ಶ್ವಾಸನಾಳ ಕವಲೊಡೆಯುವಲ್ಲಿರುವ ಸಿರಿಂಕ್ಸ್ ಎಂಬ ಅಂಗದಿಂದ ನಮ್ಮ ಮಾತನ್ನು ಅನುಕರಿಸುತ್ತದೆ. ದಸರಾ ಆನೆಗಳನ್ನು ನೋಡುತ್ತ ಬೆಳೆದ ನಿನಗೆ ಇದು ಇಷ್ಟವಾಗಬಹುದು: ದಕ್ಷಿಣ ಕೊರಿಯಾದ ಮೃಗಾಲಯವೊಂದರ ಕೋಶಿಕ್ ಎಂಬ ಏಷ್ಯಾದ ಆನೆ ತನ್ನ ಸೊಂಡಿಲ ತುದಿಯನ್ನು ಬಾಯೊಳಗಿಟ್ಟುಕೊಂಡು ಮಾವುತನ ಐದು ಕೊರಿಯನ್ ಪದಗಳನ್ನು ಅನುಕರಿಸುತ್ತದೆಂದು 2012ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. 'ಕೂತುಕೋ', 'ಬೇಡ' ಎಂಬರ್ಥದ ಪದಗಳು ಅವುಗಳಲ್ಲಿವೆ. ಅರ್ಥ ತಿಳಿದು ಆಡುತ್ತದೆಂದಲ್ಲ, ಹೇಳಿದ್ದನ್ನು ಹೇಳುತ್ತದೆ. ಆನೆಗಳು ತಮ್ಮೊಳಗೆ ಆಡುವ ಮಾತು ಬೇರೆಯೇ ಇದೆ. ಅದರಲ್ಲಿ ಬಹಳಷ್ಟು ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ಗುಡುಗುಡು ಸದ್ದು, ಕಿಲೋಮೀಟರುಗಟ್ಟಲೆ ದೂರದ ಆನೆಗೂ ಮುಟ್ಟುವಂಥದ್ದು.

ಪ್ರಶ್ನೆ: ನಾವು ಕಬ್ಬು ಬೆಳೆಯುವವರು. ನಮ್ಮ ಸುತ್ತಿನ ಗದ್ದೆಗಳಲ್ಲಿ ಚಿರತೆ ಕಾಣಿಸಿಕೊಳ್ಳುವುದುಂಟು, ಕಟಾವಿನ ಸಮಯದಲ್ಲಿ ಮರಿಗಳೂ ಸಿಕ್ಕಿದ್ದಿದೆ. ಆರು ವರ್ಷದ ಮಗ ಮೊನ್ನೆ ಚಿತ್ರವೊಂದನ್ನು ನೋಡಿ ಬಂದಾಗಿನಿಂದ "ನಮ್ಮ ಗದ್ದೆ ಚಿರತೆ ಒಳ್ಳೇದು, ನಾನು ಮಾತಾಡಿಸ್ತೀನಿ" ಎನ್ನುತ್ತಿದ್ದಾನೆ. ಅವನ ಅಮ್ಮ ಇನ್ನು ಇಂಥ ಸಿನಿಮಾ ತೋರಿಸುವುದೇ ಬೇಡ ಎನ್ನುತ್ತಾಳೆ. ನನಗೂ ದಿಗಿಲಾಗಿದೆ.
– ರೈತ, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ದಿಗಿಲು ನ್ಯಾಯವಾದದ್ದು. ಪಟ್ಟಣದ ಮನೆಯಲ್ಲಿ ಇದೇ ಮಾತನ್ನು ಮಗುವಿನ ಚೆಂದದ ಕಲ್ಪನೆ ಎಂದು ನಕ್ಕುಬಿಡಬಹುದು, ಕಬ್ಬಿನ ಗದ್ದೆಯ ಬದುವಿನಲ್ಲಿ ನಕ್ಕುಬಿಡಲಾಗದು. ಆದರೆ ಸಿನಿಮಾ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ. ಹಾಗಾದರೆ ಪಂಚತಂತ್ರವನ್ನೂ ಅಜ್ಜಿಯ ಕಥೆಯನ್ನೂ ನಿಲ್ಲಿಸಬೇಕಾಗುತ್ತದೆ.

ಆರು ವರ್ಷದ ಹುಡುಗನಿಗೆ ಮಾತನಾಡುವ ಚಿರತೆ ಕಥೆಯದು ಎಂಬುದು ಸಾಮಾನ್ಯವಾಗಿ ಗೊತ್ತಿರುತ್ತದೆ. ನಿಮ್ಮ ಮನೆಯ ಹಸು ಮಾತನಾಡುತ್ತದೆಯೇ ಎಂದು ಅವನನ್ನೇ ಕೇಳಿ ನೋಡಿ, ನಿಮ್ಮನ್ನೇ ಪೆದ್ದರಂತೆ ನೋಡುತ್ತಾನೆ. ಹಸುವನ್ನು ಅವನು ದಿನವೂ ಬಲ್ಲ, ಚಿರತೆಯನ್ನು ಬಲ್ಲದ್ದು ಪರದೆಯಿಂದ ಮಾತ್ರ. ತೊಂದರೆ ಇರುವುದು ಅಲ್ಲಿ. ಆ ಖಾಲಿ ಜಾಗವನ್ನು ನಿಜವಾದ ಚಿರತೆಯಿಂದ ತುಂಬಬೇಕು. ಅದನ್ನು ಮಾಡಲು ನಿಮಗಿಂತ ಯೋಗ್ಯರು ಯಾರೂ ಇಲ್ಲ.

ಅವನಿಗೆ ಹೀಗೆ ಹೇಳಿ. ಚಿರತೆ ನಿಜಕ್ಕೂ ಮಾತನಾಡುತ್ತದೆ, ಆದರೆ ಇನ್ನೊಂದು ಚಿರತೆಯೊಡನೆ. ಅದರ ಕೂಗು ಗರಗಸದಿಂದ ಮರ ಕೊಯ್ದಂತೆ, ಗರಕ್ ಗರಕ್ ಎಂದು ಬಿಟ್ಟು ಬಿಟ್ಟು ಬರುತ್ತದೆ. 'ಇದು ನನ್ನ ಜಾಗ' ಎಂಬುದು ಅದರ ಮುಖ್ಯ ಮಾತು. ಒಂಟಿಯಾಗಿ ಇರುವುದು, ಕತ್ತಲಾದ ಮೇಲೆ ತಿರುಗುವುದು, ಮನುಷ್ಯರ ಸದ್ದು ಕೇಳಿದರೆ ಸಾಮಾನ್ಯವಾಗಿ ಸರಿದು ಹೋಗುವುದು ಅದರ ಸ್ವಭಾವ. ಎತ್ತರವಾಗಿ, ಒತ್ತಾಗಿ, ತಿಂಗಳುಗಟ್ಟಲೆ ಯಾರೂ ಒಳಹೊಕ್ಕದ ಹಾಗೆ ನಿಲ್ಲುವ ಕಬ್ಬು ತಾಯಿ ಚಿರತೆಗೆ ಮರಿ ಹಾಕಲು ಒಳ್ಳೆಯ ಮರೆಯಾಗಿ ಕಾಣುತ್ತದೆ. ಮರಿ ಸಿಕ್ಕರೆ ತಾಯಿ ದೂರದಲ್ಲಿಲ್ಲ ಎಂದೇ ತಿಳಿಯಬೇಕು. ಎತ್ತಿಕೊಂಡು ಮುದ್ದಿಸಬಾರದು, ಫೋಟೊಗೆ ಹಿಡಿದು ನಿಲ್ಲಬಾರದು. ಕೆಲಸ ನಿಲ್ಲಿಸಿ ದೂರ ಸರಿದು ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಸಿಕ್ಕ ಜಾಗದಲ್ಲೇ ಮರಿಗಳನ್ನು ಬಿಟ್ಟರೆ ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುವುದನ್ನು ಅವರು ಎಷ್ಟೋ ಸಲ ಕಂಡಿದ್ದಾರೆ. ಈ ಭಾಗವನ್ನು ಮಗನಿಗೆ ಬಿಡದೆ ಹೇಳಿ. ಯಾವ ಚಿತ್ರಕಥೆಗೂ ಕಡಿಮೆಯಿಲ್ಲದ ಕಥೆ ಇದು, ಅದೂ ಒಂದೂ ಮಾತಿಲ್ಲದ್ದು.

ಜೊತೆಗೆ ನಿಯಮಗಳೂ ಇರಲಿ, ಅದರಲ್ಲಿ ರಿಯಾಯಿತಿ ಬೇಡ. ಮುಸ್ಸಂಜೆಯ ಮೇಲೆ ಗದ್ದೆಯ ಕಡೆ ಒಬ್ಬನೇ ಹೋಗಬಾರದು. ಹೋಗಲೇಬೇಕಾದಾಗ ದೊಡ್ಡವರ ಜೊತೆ, ಬ್ಯಾಟರಿ ಹಿಡಿದು, ಗಟ್ಟಿಯಾಗಿ ಮಾತನಾಡುತ್ತ ಅಥವಾ ಹಾಡುತ್ತ ಹೋಗಬೇಕು. "ಚಿರತೆಯನ್ನು ಮಾತನಾಡಿಸ್ತೀನಿ" ಎಂದನಲ್ಲ, ಮಾತನಾಡಿಸುವುದೆಂದರೆ ಇದೇ ಎಂದು ಹೇಳಿ: ನಾವು ಬರುತ್ತಿದ್ದೇವೆ, ನೀನು ಸರಿದುಕೋ ಎಂದು ದೂರದಿಂದಲೇ ತಿಳಿಸುವುದು.

ನಿಮ್ಮ ತಾಲ್ಲೂಕಿನಲ್ಲೇ ಇರುವ ಮೇಲುಕೋಟೆಯ ವನ್ಯಧಾಮ 1974ರಲ್ಲಿ ಆದದ್ದು ಮುಖ್ಯವಾಗಿ ತೋಳಗಳ ರಕ್ಷಣೆಗಾಗಿ. ಪರದೆಯ ಮೇಲೆ ತೋಳಕ್ಕೆ ಸಿಗುವುದು ಬಹುಮಟ್ಟಿಗೆ ಕೇಡಿಗನ ಪಾತ್ರ. ಚಿರತೆ ಗೆಳೆಯ, ತೋಳ ಕೇಡಿಗ ಎಂಬ ಎರಡು ಸುಳ್ಳುಗಳನ್ನು ಒಂದೇ ಟಿಕೆಟ್ಟಿಗೆ ಕೊಂಡು ತಂದಿರುತ್ತೇವೆ. ಬಿಡುವಾದಾಗ ಮಗನನ್ನು ಮೈಸೂರಿನ ಮೃಗಾಲಯಕ್ಕೂ ಕರೆದೊಯ್ಯಿರಿ. 1892ರಿಂದ ಇರುವ ಆ ಮೃಗಾಲಯಕ್ಕೆ ಮಂಗಳವಾರ ರಜೆ. ಮಿಕ್ಕ ದಿನ ಹೋಗಿ. ಸಿನಿಮಾದ ಸಿಂಹ ಒಂದೂವರೆ ಗಂಟೆ ಹಾಡುತ್ತದೆ, ಅಲ್ಲಿನ ಸಿಂಹ ಮಲಗಿರುತ್ತದೆ. ದಿನದ ಬಹುಪಾಲು ಮಲಗಿಯೇ ಕಳೆಯುವ ಪ್ರಾಣಿ ಅದು. ಮೊದಲ ಐದು ನಿಮಿಷ ಮಗನಿಗೆ ನಿರಾಸೆಯಾಗುತ್ತದೆ, ಆಗಲಿ. ಅದು ಒಮ್ಮೆ ಕಿವಿ ಒದರಿ ನೊಣ ಓಡಿಸುವವರೆಗೆ ಕಟಕಟೆಯ ಬಳಿ ನಿಂತು ಕಾಯಿರಿ.

ಪ್ರಶ್ನೆ: ನನಗೆ ಅರವತ್ತೊಂದು. ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಈ ಪ್ರಾಣಿಗಳ ಚಿತ್ರಗಳೆಂದರೆ ನನಗೆ ಬಲು ಇಷ್ಟ, ಆದರೆ ಮಗ ಸೊಸೆ ಮೊಮ್ಮಕ್ಕಳು ಹೊರದೇಶದಲ್ಲಿದ್ದಾರೆ. ಮಕ್ಕಳಿಲ್ಲದೆ ಒಬ್ಬನೇ ಹೋಗಿ ಕುಳಿತರೆ ಜನ ಏನೆಂದುಕೊಂಡಾರು?
– ಸರಸ್ವತಿಪುರಂ, ಮೈಸೂರು

ಉತ್ತರ: ಜನ ಪರದೆಯನ್ನು ನೋಡಲು ಬಂದಿರುತ್ತಾರೆ, ನಿಮ್ಮನ್ನಲ್ಲ. ವಾರದ ನಡುವಿನ ಬೆಳಗಿನ ಆಟಕ್ಕೆ ಹೋಗಿ. ಮಕ್ಕಳು ಶಾಲೆಯಲ್ಲಿರುತ್ತಾರೆ, ಸೀಟುಗಳು ಖಾಲಿಯಿರುತ್ತವೆ. ಚಿತ್ರ ಮುಗಿದ ಮೇಲೆ ಮೊಮ್ಮಕ್ಕಳಿಗೆ ಫೋನ್ ಮಾಡಿ, ಅವರು ಅಲ್ಲಿ ಇಂಗ್ಲಿಷಿನಲ್ಲಿ ನೋಡಿರುವ ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿ. ಆಮೆಗೆ, ಕರಡಿಗೆ, ಮುಂಗೋಪಿ ಬಾತುಕೋಳಿಗೆ ಒಂದೊಂದು ದನಿ ಮಾಡಿ ಹೇಳಿದರೆ ಇನ್ನೂ ಒಳ್ಳೆಯದು. ತಾಯಿಯನ್ನು ಕಳೆದುಕೊಂಡ ಮರಿಯ ದೃಶ್ಯದಲ್ಲಿ ಕಣ್ಣು ತುಂಬಿದರೆ ನಾಚಿಕೆಪಡಬೇಡಿ, ಕತ್ತಲಲ್ಲಿ ಯಾರಿಗೂ ಕಾಣದು. ಅಂಥ ದೃಶ್ಯವಾದ ಕೂಡಲೇ ನಮ್ಮಲ್ಲಿ ಇಂಟರ್ವಲ್ ಬಿಟ್ಟು ಫಕ್ಕನೆ ದೀಪ ಹಾಕುವುದುಂಟು. ಕರವಸ್ತ್ರ ಮೇಲಿನ ಜೇಬಿನಲ್ಲೇ ಇರಲಿ.